ಕಾರಿನ ಎಸಿ ಕಂಪ್ರೆಸರ್: ದುರಸ್ತಿ ಮತ್ತು ಬದಲಾವಣೆ

ಕಾರಿನ ಎಸಿಯಲ್ಲಿ ಅನಿಲವನ್ನು ಹೀರಿ, ಒತ್ತಿ, ಪೈಪುಗಳ ಉದ್ದಕ್ಕೂ ಓಡಿಸುವ ಪಂಪು ಕಂಪ್ರೆಸರ್. ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಲ್ಲಿ ಇದನ್ನು ಎಂಜಿನ್ನಿನ ಪಕ್ಕಕ್ಕೇ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಎಂಜಿನ್ ತಿರುಗುವಾಗ ಬೆಲ್ಟು ಇದರ ಪುಲ್ಲಿಯನ್ನೂ ತಿರುಗಿಸುತ್ತದೆ. ಎಸಿಯ ಭಾಗಗಳಲ್ಲೆಲ್ಲ ಹೆಚ್ಚು ದುಡಿಯುವುದು, ಹೆಚ್ಚು ಸವೆಯುವುದು, ಸಾಮಾನ್ಯವಾಗಿ ಹೆಚ್ಚು ಬೆಲೆ ಬಾಳುವುದು ಇದೇ. ಹೀಗಾಗಿ ಗಾಳಿ ತಣ್ಣಗೆ ಬರದಿದ್ದರೆ ಮೊದಲ ಅನುಮಾನವೂ ಇದರ ಮೇಲೆಯೇ. ಆ ಅನುಮಾನ ಎಷ್ಟೋ ಸಲ ಸುಳ್ಳಾಗಿರುತ್ತದೆ. ನಿಜವಾಗಿದ್ದಾಗಲೂ ಕಂಪ್ರೆಸರ್ ತನ್ನಷ್ಟಕ್ಕೆ ಕೆಟ್ಟಿರುವುದು ಅಪರೂಪ. ಸೋರುವ ಪೈಪು, ನಿಂತುಹೋದ ಫ್ಯಾನು, ಕಟ್ಟಿಕೊಂಡ ವಾಲ್ವು, ತಪ್ಪು ಎಣ್ಣೆ, ಇವುಗಳಲ್ಲಿ ಒಂದು ಅದನ್ನು ಕೊಂದಿರುತ್ತದೆ. ಕೊಂದದ್ದನ್ನು ಹಾಗೇ ಬಿಟ್ಟು ಹೊಸ ಕಂಪ್ರೆಸರ್ ಕೂರಿಸಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಗ್ಯಾಸು, ಎಣ್ಣೆ, ಒತ್ತಡ

ಎಸಿ ಮಾಡುವುದು ಸಾಗಣೆಯ ಕೆಲಸ: ಕಾರಿನೊಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುವುದು. ಹೊರುವುದು ರೆಫ್ರಿಜರೆಂಟ್ ಅನಿಲ, ಗ್ಯಾರೇಜಿನ ಮಾತಿನಲ್ಲಿ ಬರೀ ಗ್ಯಾಸ್. ಭಾರತದ ರಸ್ತೆಗಳ ಮೇಲಿರುವ ಹೆಚ್ಚಿನ ಕಾರುಗಳಲ್ಲಿ ಇರುವುದು ಆರ್-134ಎ. ಬಯಲಿಗೆ ಬಿಟ್ಟರೆ ಇದು ಸೊನ್ನೆಗಿಂತ 26 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲಿನಲ್ಲಿ ಸುಮಾರು 30 ಪಿಎಸ್‌ಐ ಒತ್ತಡವಿದ್ದಾಗ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಕುದಿದು ಆವಿಯಾಗುತ್ತದೆ. ಅದಕ್ಕೆ ಬೇಕಾದ ಶಾಖವನ್ನು ಬ್ಲೋವರ್ ದೂಡುವ ಗಾಳಿಯಿಂದ ಕಿತ್ತುಕೊಳ್ಳುತ್ತದೆ. ಆ ಆವಿಯನ್ನು ಕಂಪ್ರೆಸರ್ ಹೀರಿಕೊಂಡು 200 ಪಿಎಸ್‌ಐ ಹತ್ತಿರಕ್ಕೆ ಒತ್ತುತ್ತದೆ. ಅಷ್ಟು ಒತ್ತಡದಲ್ಲಿ ಆರ್-134ಎ 55 ಡಿಗ್ರಿ ಬಿಸಿಯಲ್ಲೂ ದ್ರವವಾಗಬಲ್ಲದು. ಹೊರಗೆ 40 ಡಿಗ್ರಿ ಬಿಸಿಲಿದ್ದರೂ ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಗ್ಯಾಸು ಶಾಖ ಬಿಟ್ಟು ದ್ರವವಾಗುವುದು ಇದರಿಂದಲೇ. ಆಮೇಲೆ ಡ್ರೈಯರಿನಲ್ಲಿ ತೇವ ಕಳೆದುಕೊಂಡು, ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ಕಿಂಡಿಯಲ್ಲಿ ನುಸುಳಿ, ಒತ್ತಡ ಇಳಿಸಿಕೊಂಡು ಮತ್ತೆ ಕಾಯಿಲಿಗೆ ಬರುತ್ತದೆ.

ಕಂಪ್ರೆಸರಿನ ಹಣೆಬರಹವನ್ನು ಬರೆಯುವ ಸಂಗತಿ ಈ ಸುತ್ತಿನಲ್ಲೇ ಅಡಗಿದೆ. ಎಂಜಿನ್ನಿಗಿರುವಂತೆ ಇದಕ್ಕೆ ಪ್ರತ್ಯೇಕವಾದ ಎಣ್ಣೆಯ ಪಂಪು ಸಾಮಾನ್ಯವಾಗಿ ಇರುವುದಿಲ್ಲ. ಸಣ್ಣ ಕಾರಿನ ಇಡೀ ಎಸಿಯಲ್ಲಿರುವ ಎಣ್ಣೆ ನೂರು ಮಿಲಿಲೀಟರಿನ ಮೇಲೆ ಚೂರುಪಾರು, ಅದರಲ್ಲಿ ಒಂದು ಪಾಲು ಯಾವಾಗಲೂ ಗ್ಯಾಸಿನ ಜೊತೆ ಪೈಪುಗಳಲ್ಲಿ ಸುತ್ತುತ್ತಿರುತ್ತದೆ. ಗ್ಯಾಸು ಹೊತ್ತು ತಂದರೆ ಮಾತ್ರ ಎಣ್ಣೆ ಪಿಸ್ಟನ್ನಿಗೆ ಮುಟ್ಟುತ್ತದೆ. ಗ್ಯಾಸು ಸೋರಿ ಅರ್ಧವಾದರೆ ಕೂಲಿಂಗ್ ಕಡಿಮೆಯಾಗುವುದಷ್ಟೇ ಅಲ್ಲ, ಎಣ್ಣೆ ದೂರದ ಕಾಯಿಲಿನಲ್ಲೇ ಉಳಿದುಹೋಗುತ್ತದೆ. ಜೊತೆಗೆ ಕಂಪ್ರೆಸರನ್ನು ತಂಪಾಗಿಡುವುದೂ ಹಿಂತಿರುಗಿ ಬರುವ ತಣ್ಣನೆಯ ಆವಿಯೇ. ಎರಡೂ ತಪ್ಪಿದಾಗ ಅಲ್ಯೂಮಿನಿಯಂ ಗೋಡೆಗೆ ಪಿಸ್ಟನ್ ಒರೆಯತೊಡಗುತ್ತದೆ. ‘ಕೂಲಿಂಗ್ ಸ್ವಲ್ಪ ಕಮ್ಮಿ ಅಷ್ಟೇ, ಬೇಸಿಗೆಗೆ ನೋಡೋಣ’ ಎಂದು ತಿಂಗಳುಗಟ್ಟಲೆ ಓಡಿಸಿದ ಕಾರುಗಳಲ್ಲಿ ಕಂಪ್ರೆಸರ್ ಕೆಡುವ ಬಗೆ ಇದು.

ಚರಿತ್ರೆಯ ನಾಲ್ಕು ಮಾತು

ಕಾರ್ಖಾನೆಯಲ್ಲೇ ಎಸಿ ಕೂರಿಸಿ ಮಾರಿದ ಮೊದಲ ಕಾರು ಅಮೆರಿಕದ ಪ್ಯಾಕರ್ಡ್ ಕಂಪನಿಯ 1940ರ ಮಾದರಿ. ಕೂಲಿಂಗ್ ಕಾಯಿಲು ಡಿಕ್ಕಿಯೊಳಗಿತ್ತು, ಲಗೇಜಿನ ಜಾಗವನ್ನು ತಿನ್ನುತ್ತಿತ್ತು. ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಎಂಜಿನ್ ಓಡಿದಷ್ಟು ಹೊತ್ತೂ ಅದು ಓಡುತ್ತಿತ್ತು. ಚಳಿಗಾಲಕ್ಕೆ ಎಸಿ ಬೇಡವೆಂದರೆ ಬಾನೆಟ್ ಎತ್ತಿ ಬೆಲ್ಟನ್ನೇ ಕಳಚಬೇಕಾಗಿತ್ತು. 1954ರ ನ್ಯಾಶ್ ಕಾರಿನಲ್ಲಿ ಎಲ್ಲ ಭಾಗಗಳೂ ಮುಂದಕ್ಕೆ ಬಂದು, ಇಂದಿನ ರೂಪಕ್ಕೆ ಹತ್ತಿರವಾದವು. ವಿದ್ಯುತ್ಕಾಂತದ ಕ್ಲಚ್ ಬಂದ ಮೇಲೆ ಬೆಲ್ಟು ಕಳಚುವ ತಾಪತ್ರಯ ತಪ್ಪಿತು. ಆದರೆ ಮೆಕ್ಯಾನಿಕ್ಕುಗಳ ಮೇಜಿಗೆ ಅತಿ ಹೆಚ್ಚು ಬರುವ ಭಾಗಗಳಲ್ಲಿ ಒಂದಾಗಿಯೂ ಆ ಕ್ಲಚ್ಚೇ ಕೂತಿತು.

ಗ್ಯಾಸಿನ ಚರಿತ್ರೆ ದುರಸ್ತಿಗೆ ಇನ್ನೂ ಹತ್ತಿರದ್ದು. ಮೊದಲು ಇದ್ದದ್ದು ಆರ್-12. ಓಜೋನ್ ಪದರವನ್ನು ಅದು ಹಾಳು ಮಾಡುತ್ತದೆಂದು ಖಚಿತವಾದ ಮೇಲೆ 1987ರ ಮಾಂಟ್ರಿಯಲ್ ಒಪ್ಪಂದ ಅದಕ್ಕೆ ಕೊನೆ ಹಾಡಿತು. ಅಭಿವೃದ್ಧಿಶೀಲ ದೇಶಗಳಿಗೆ 2010 ಗಡುವಾಗಿತ್ತು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನಿಗೆ ಕೆಡುಕು ಮಾಡುವುದಿಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಒಂದು ಕಿಲೋ ಆರ್-134ಎ, ನೂರು ವರ್ಷದ ಲೆಕ್ಕದಲ್ಲಿ, ಸಾವಿರದ ಮುನ್ನೂರು ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡಿಗೆ ಸಮ. ಹಾಗಾಗಿ ಯುರೋಪಿನ ಒಕ್ಕೂಟದಲ್ಲಿ 2017ರಿಂದ ಹೊಸ ಕಾರುಗಳಿಗೆ ಅದನ್ನು ತುಂಬುವಂತಿಲ್ಲ. ಅಲ್ಲಿ ಆರ್-1234ವೈಎಫ್ ಬಂದಿದೆ. 2016ರ ಕಿಗಾಲಿ ತಿದ್ದುಪಡಿಗೆ 2021ರಲ್ಲಿ ಅನುಮೋದನೆ ಕೊಟ್ಟ ಭಾರತಕ್ಕೆ 2028ರಿಂದ ಇಂಥ ಅನಿಲಗಳ ಬಳಕೆಗೆ ಮಿತಿ ಬೀಳುತ್ತದೆ, 2032ರಿಂದ ಇಳಿಕೆ ಶುರುವಾಗುತ್ತದೆ. ಆರ್-12ಕ್ಕೆ ಖನಿಜ ಎಣ್ಣೆ ನಡೆಯುತ್ತಿತ್ತು. ಆರ್-134ಎ ಆ ಎಣ್ಣೆಯನ್ನು ಕರಗಿಸಿಕೊಂಡು ಹೊರಲಾರದು. ಅದಕ್ಕೆ ಪಿಎಜಿಯಂಥ ಕೃತಕ ಎಣ್ಣೆಯೇ ಬೇಕು. ಹಳೆಯ ಕಾರಿಗೆ ಹೊಸ ಗ್ಯಾಸು ತುಂಬಿಸಿ ಎಣ್ಣೆ ಬದಲಿಸದೆ ಬಿಟ್ಟ ಕಾಲದಲ್ಲಿ ಕೆಟ್ಟ ಕಂಪ್ರೆಸರುಗಳು ಕಡಿಮೆಯಲ್ಲ.

ಒಳಗೆ ಏನಿದೆ

ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಸ್ವಾಶ್ ಪ್ಲೇಟ್ ಬಗೆ. ಶಾಫ್ಟಿಗೆ ಓರೆಯಾಗಿ ಕೂರಿಸಿದ ತಟ್ಟೆ ತಿರುಗುವಾಗ ಸುತ್ತಲಿನ ಪಿಸ್ಟನ್ನುಗಳನ್ನು ಹಿಂದಕ್ಕೆ ಮುಂದಕ್ಕೆ ಆಡಿಸುತ್ತದೆ. ತೆಳ್ಳನೆಯ ಉಕ್ಕಿನ ಎಲೆಗಳಂಥ ರೀಡ್ ವಾಲ್ವುಗಳು ಗ್ಯಾಸನ್ನು ಒಂದೇ ದಿಕ್ಕಿಗೆ ಬಿಡುತ್ತವೆ. ತಟ್ಟೆಯ ಓರೆಯನ್ನೇ ಹೆಚ್ಚು ಕಡಿಮೆ ಮಾಡುವ ಬಗೆಯೂ ಇದೆ. ಅಂಥವುಗಳಲ್ಲಿ ಅನೇಕಕ್ಕೆ ಕ್ಲಚ್ ಇಲ್ಲ, ಹಿಂಬದಿಯ ಕಂಟ್ರೋಲ್ ವಾಲ್ವು ಕಂಪ್ಯೂಟರಿನ ಮಾತು ಕೇಳಿ ಪಂಪಿನ ಅಳತೆಯನ್ನು ತಿದ್ದುತ್ತಿರುತ್ತದೆ. ರೆಕ್ಕೆಗಳು ಸುತ್ತುವ ರೋಟರಿ ಬಗೆ, ಎರಡು ಸುರುಳಿಗಳು ಒಂದರೊಳಗೊಂದು ಆಡುವ ಸ್ಕ್ರಾಲ್ ಬಗೆ ಇನ್ನೆರಡು. ಸ್ಕ್ರಾಲಿನ ಕಲ್ಪನೆಗೆ ಫ್ರಾನ್ಸಿನ ಲಿಯೋನ್ ಕ್ರೂ 1905ರಲ್ಲೇ ಪೇಟೆಂಟ್ ಪಡೆದಿದ್ದ. ಅಷ್ಟು ಸೂಕ್ಷ್ಮವಾಗಿ ಲೋಹ ಕಡೆಯುವ ಯಂತ್ರಗಳು ಬರಲು ಹಲವು ದಶಕ ಕಾಯಬೇಕಾಯಿತು. ಜಪಾನಿನ ಡೆನ್ಸೊ ಮತ್ತು ಸ್ಯಾಂಡೆನ್ ಈ ಉದ್ಯಮದ ದೊಡ್ಡ ಹೆಸರುಗಳು. ಭಾರತದಲ್ಲಿ 1985ರಲ್ಲಿ ಶುರುವಾದ ಸುಬ್ರೋಸ್ ಕಂಪನಿಯಲ್ಲಿ ಸುಜುಕಿ ಮತ್ತು ಡೆನ್ಸೊ ಎರಡರ ಪಾಲೂ ಇದೆ.

ಕೆಡುವ ಬಗೆಗಳು

ಕೆಡುವುದೆಲ್ಲ ಒಂದೇ ಜಾತಿಯದಲ್ಲ, ಮತ್ತು ಖರ್ಚಿನ ಲೆಕ್ಕ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಕಂಪ್ರೆಸರಿನ ಹೊರಗೆ ಕೆಟ್ಟರೆ ರಿಪೇರಿ, ಒಳಗೆ ಕೆಟ್ಟರೆ ಬದಲಾವಣೆ ಎಂದು ಸ್ಥೂಲವಾಗಿ ಹೇಳಬಹುದು.

ಹೊರಗಿನ ಕೇಡುಗಳಲ್ಲಿ ಮೊದಲನೆಯದು ಕ್ಲಚ್. ಪುಲ್ಲಿ ಯಾವಾಗಲೂ ಬೆಲ್ಟಿನ ಜೊತೆ ತಿರುಗುತ್ತಿರುತ್ತದೆ. ಅದರ ಎದುರಿಗಿರುವ ಉಕ್ಕಿನ ತಟ್ಟೆ ಶಾಫ್ಟಿಗೆ ಸೇರಿದ್ದು. ಎಸಿ ಹಾಕಿದಾಗ ಪುಲ್ಲಿಯ ಹಿಂದಿನ ಕಾಯಿಲಿಗೆ 12 ವೋಲ್ಟ್ ಬಂದು, ಅದು ಕಾಂತವಾಗಿ, ತಟ್ಟೆಯನ್ನು ‘ಟಕ್’ ಎಂದು ಎಳೆದುಕೊಳ್ಳುತ್ತದೆ. ತಟ್ಟೆಗೂ ಪುಲ್ಲಿಗೂ ನಡುವೆ ಇರಬೇಕಾದ ಸಂದು ಸುಮಾರು ಅರ್ಧ ಮಿಲಿಮೀಟರ್. ವರ್ಷಗಟ್ಟಲೆ ಉಜ್ಜಿ ಉಜ್ಜಿ ಸಂದು ದೊಡ್ಡದಾಗುತ್ತದೆ. ಆಗ ಒಂದು ವಿಚಿತ್ರ ರೋಗ ಕಾಣಿಸಿಕೊಳ್ಳುತ್ತದೆ: ಬೆಳಿಗ್ಗೆ ಎಸಿ ಚೆನ್ನಾಗಿರುತ್ತದೆ, ಮಧ್ಯಾಹ್ನ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತರೆ ಬಿಸಿಗಾಳಿ ಶುರುವಾಗುತ್ತದೆ, ಸಂಜೆ ಮತ್ತೆ ಸರಿಹೋಗುತ್ತದೆ. ಕಾಯಿಲು ಬಿಸಿಯಾದಂತೆ ಅದರ ತಾಮ್ರದ ತಂತಿಯ ರೋಧ ಏರಿ, ಕರೆಂಟು ಇಳಿದು, ಕಾಂತದ ಬಲ ಕುಗ್ಗಿ, ದೂರ ಸರಿದಿರುವ ತಟ್ಟೆಯನ್ನು ಎಳೆಯಲಾಗುವುದಿಲ್ಲ. ಇದಕ್ಕೆ ಹೊಸ ಕಂಪ್ರೆಸರ್ ಬೇಡ, ಕೆಲವು ಸಲ ಹೊಸ ಕ್ಲಚ್ಚೂ ಬೇಡ. ತಟ್ಟೆಯ ನಡುವಿನ ಬೋಲ್ಟ್ ಬಿಚ್ಚಿದರೆ ಶಾಫ್ಟಿನ ತುದಿಯಲ್ಲಿ ಉಗುರಿನಷ್ಟು ತೆಳ್ಳನೆಯ ಶಿಮ್ ಎಂಬ ಉಂಗುರಗಳು ಸಿಗುತ್ತವೆ. ಒಂದನ್ನು ತೆಗೆದು ಫೀಲರ್ ಗೇಜಿನಿಂದ ಸಂದು ಅಳೆದು ಕೂರಿಸಿದರೆ ಮುಗಿಯಿತು. ಈ ಕೆಲಸಕ್ಕೆ ಗ್ಯಾಸು ತೆಗೆಯಬೇಕಾಗಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಇಡೀ ಕಂಪ್ರೆಸರ್ ಬದಲಿಸಿದ ಬಿಲ್ಲುಗಳು ಕಡಿಮೆಯೇನಿಲ್ಲ.

ಕ್ಲಚ್ಚಿನ ಕಾಯಿಲು ಸುಟ್ಟಿದ್ದರೆ ಅದನ್ನು ಮಾತ್ರ ಬದಲಿಸಬಹುದು. ಪುಲ್ಲಿಯ ಬೇರಿಂಗ್ ಹೋಗಿದ್ದರೆ ಎಸಿ ಆಫ್ ಇದ್ದಾಗಲೂ ಗರಗರ ಸದ್ದು ಕೇಳುತ್ತದೆ. ಪುಲ್ಲಿ ಬೆಲ್ಟಿನ ಜೊತೆ ತಿರುಗುವಷ್ಟು ಹೊತ್ತೂ ಆ ಬೇರಿಂಗ್ ತಿರುಗುತ್ತಲೇ ಇರುತ್ತದಲ್ಲ. ಎಸಿ ಹಾಕಿದಾಗ ಮಾತ್ರ ಸದ್ದು ಬಂದರೆ ತೊಂದರೆ ಒಳಗಿನದು. ಬಾನೆಟ್ ತೆಗೆಯದೆಯೇ ಕಿವಿಯಿಂದ ಸಿಗುವ ಸುಳಿವು ಇದು. ಶಾಫ್ಟ್ ಸೀಲ್ ಸೋರುತ್ತಿದ್ದರೆ ಕ್ಲಚ್ಚಿನ ಸುತ್ತ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿ ಕಪ್ಪು ಉಂಗುರ ಕಟ್ಟಿರುತ್ತದೆ. ತಿಂಗಳುಗಟ್ಟಲೆ ಎಸಿ ಹಾಕದೆ ನಿಲ್ಲಿಸಿದ ಕಾರುಗಳಲ್ಲಿ ಸೀಲ್ ಒಣಗಿ ಹೀಗಾಗುತ್ತದೆ. ಮಳೆಗಾಲದಲ್ಲೂ ಆಗಾಗ ಹತ್ತು ನಿಮಿಷ ಎಸಿ ಓಡಿಸಿ ಎನ್ನುವುದು ಇದಕ್ಕೇ.

ಒಳಗಿನ ಕೇಡು ಬೇರೆ ಮಾತು. ಎಣ್ಣೆಯಿಲ್ಲದೆ ಪಿಸ್ಟನ್ ಒರೆದು ಅಲ್ಯೂಮಿನಿಯಂ ಪುಡಿ ಉದುರುತ್ತದೆ. ಕೂಲಿಂಗ್ ಕಾಯಿಲಿನಲ್ಲಿ ಆವಿಯಾಗದೆ ಉಳಿದ ದ್ರವ ಹಿಂತಿರುಗಿ ಸಿಲಿಂಡರಿಗೆ ನುಗ್ಗಿದರೆ, ದ್ರವವನ್ನು ಒತ್ತಿ ಕುಗ್ಗಿಸಲಾಗದ ಕಾರಣ ರೀಡ್ ವಾಲ್ವು ಮುರಿಯುತ್ತದೆ. ಕೊನೆಯ ಹಂತದಲ್ಲಿ ಶಾಫ್ಟೇ ಜಾಮ್ ಆಗುತ್ತದೆ. ಜಾಮ್ ಆದ ಕಂಪ್ರೆಸರಿನ ಮೇಲೆ ಬೆಲ್ಟು ಜಾರಿ ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಅನೇಕ ಕಾರುಗಳಲ್ಲಿ ಅದೇ ಬೆಲ್ಟು ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ಓಡಿಸುವುದರಿಂದ ಎಸಿಯ ರೋಗ ಕಾರನ್ನೇ ರಸ್ತೆಯಲ್ಲಿ ನಿಲ್ಲಿಸಬಲ್ಲದು. ಕ್ಲಚ್ ಇಲ್ಲದ ಬಗೆಯಲ್ಲಿ ಪುಲ್ಲಿಯ ನಡುವೆ ಬೇಕೆಂದೇ ದುರ್ಬಲವಾಗಿ ಮಾಡಿದ ಭಾಗವೊಂದು ಮುರಿದು ಬೆಲ್ಟನ್ನು ಉಳಿಸುತ್ತದೆ.

ಇವೆಲ್ಲಕ್ಕಿಂತ ಕೆಟ್ಟದ್ದು ಒಳಗೆ ಉದುರಿದ ಪುಡಿಯ ಪ್ರಯಾಣ. ಪಿಸ್ಟನ್ನಿನ ಲೇಪನ ಮತ್ತು ಲೋಹದ ಪುಡಿ ಸುಟ್ಟ ಎಣ್ಣೆಯಲ್ಲಿ ಕಲೆತು ಕಪ್ಪು ಕೆಸರಾಗುತ್ತದೆ. ಅಮೆರಿಕದ ಮೆಕ್ಯಾನಿಕ್ಕುಗಳು ಇದನ್ನು ‘ಬ್ಲ್ಯಾಕ್ ಡೆತ್’ ಎನ್ನುತ್ತಾರೆ. ಅದು ಮೊದಲು ಕಂಡೆನ್ಸರಿಗೆ, ಅಲ್ಲಿಂದ ಡ್ರೈಯರಿಗೆ, ವಾಲ್ವಿಗೆ ಹರಡುತ್ತದೆ. ಪೈಪು ಬಿಚ್ಚಿ ಬಿಳಿ ಬಟ್ಟೆಯ ಚೂರನ್ನು ಬಾಯಿಗೆ ಒತ್ತಿ ನೋಡಿದರೆ ಸಾಕು. ಜಿಡ್ಡು ತಿಳಿಯಾಗಿದ್ದರೆ ಕಂಪ್ರೆಸರಿನ ಖರ್ಚಷ್ಟೇ. ಬೆಳಕಿಗೆ ಹಿಡಿದಾಗ ಬೆಳ್ಳಿಯಂಥ ಮಿನುಗು ಕಂಡರೆ ಪಟ್ಟಿ ಬೆಳೆಯುತ್ತದೆ.

ಕಂಪ್ರೆಸರೇ ಕೆಟ್ಟಿದೆಯೇ?

ಕ್ಲಚ್ ಎಳೆಯುತ್ತಿಲ್ಲವೆಂದರೆ ಅದಕ್ಕೆ ಕರೆಂಟ್ ಬರುತ್ತಿದೆಯೇ ಎಂದು ನೋಡುವುದು ಮೊದಲ ಕೆಲಸ. ಫ್ಯೂಸು, ರಿಲೇ, ಕೂಲಿಂಗ್ ಕಾಯಿಲಿನ ಬಳಿಯ ಸೆನ್ಸರು, ಪ್ರೆಷರ್ ಸ್ವಿಚ್ಚು ಇವುಗಳಲ್ಲಿ ಒಂದು ಸುಮ್ಮನಿದ್ದರೂ ಕರೆಂಟ್ ಬರುವುದಿಲ್ಲ. ಪ್ರೆಷರ್ ಸ್ವಿಚ್ಚು ಬೇಕೆಂದೇ ತಡೆಯುವುದೂ ಉಂಟು: ಒತ್ತಡ ಸುಮಾರು 2 ಬಾರ್‌ಗಿಂತ ಕೆಳಗಿಳಿದರೆ ಗ್ಯಾಸಿಲ್ಲವೆಂದು, 30 ಬಾರ್ ಆಸುಪಾಸಿಗೆ ಏರಿದರೆ ಪೈಪು ಒಡೆದೀತೆಂದು ಅದು ಕಂಪ್ರೆಸರನ್ನು ನಿಲ್ಲಿಸುತ್ತದೆ. ಕರೆಂಟ್ ಬರುತ್ತಿದ್ದೂ ಕ್ಲಚ್ ಎಳೆಯದಿದ್ದರೆ ಕ್ಲಚ್ಚಿನ ಕಾಯಿಲಿನ ರೋಧ ಅಳೆಯಬೇಕು. ಸಾಮಾನ್ಯ ಕಾರುಗಳಲ್ಲಿ ಮೂರು ನಾಲ್ಕು ಓಮ್ ಇರುತ್ತದೆ, ತಂತಿ ಕಡಿದಿದ್ದರೆ ಮೀಟರ್ ಅಲುಗುವುದೇ ಇಲ್ಲ. ಕಾಯಿಲಿನೊಳಗೆ ಬಿಸಿಗೆ ಕಡಿಯುವ ಫ್ಯೂಸು ಕೂರಿಸಿರುವ ಮಾದರಿಗಳೂ ಇವೆ.

ಕ್ಲಚ್ ಎಳೆದರೂ ತಂಪಿಲ್ಲವೆಂದರೆ ಗೇಜು ಹಾಕಬೇಕು. ನೀಲಿ ಪೈಪು ಕಡಿಮೆ ಒತ್ತಡದ ಕಡೆಗೆ, ಕೆಂಪು ಹೆಚ್ಚು ಒತ್ತಡದ ಕಡೆಗೆ. ಎಂಜಿನ್ ನಿಂತಿರುವಾಗ ಎರಡೂ ಮುಳ್ಳುಗಳು ಒಂದೇ ಅಂಕಿಯಲ್ಲಿರುತ್ತವೆ; ಬೆಂಗಳೂರಿನ 26 ಡಿಗ್ರಿಯಲ್ಲಿ ಸುಮಾರು 85 ಪಿಎಸ್‌ಐ, ಕಲಬುರಗಿಯ 42 ಡಿಗ್ರಿಯಲ್ಲಿ ಸುಮಾರು 140. ಈ ಅಂಕಿ ನೋಡಿ ‘ಗ್ಯಾಸ್ ಫುಲ್ ಇದೆ’ ಎನ್ನುವವರಿದ್ದಾರೆ. ಅಡುಗೆಮನೆಯ ಸಿಲಿಂಡರಿನಲ್ಲಿ ಗ್ಯಾಸು ಮುಕ್ಕಾಲಿರಲಿ ಕಾಲಿರಲಿ, ದ್ರವ ಉಳಿದಿರುವಷ್ಟು ಕಾಲ ಒಲೆಯ ಉರಿ ಒಂದೇ ಸಮ ಇರುತ್ತದಲ್ಲ, ಇಲ್ಲೂ ಹಾಗೇ: ನಿಂತ ಒತ್ತಡ ಹೇಳುವುದು ಅಂದಿನ ಬಿಸಿಲನ್ನು, ಗ್ಯಾಸಿನ ತೂಕವನ್ನಲ್ಲ.

ಎಂಜಿನ್ ಓಡುವಾಗಿನ ಅಂಕಿಗಳೇ ಮಾತಾಡುವುದು. ನೀಲಿಯ ಕಡೆ ಹೆಚ್ಚು, ಕೆಂಪಿನ ಕಡೆ ಕಡಿಮೆ, ಎಂಜಿನ್ ರೇಸ್ ಮಾಡಿದರೂ ಎರಡೂ ಹತ್ತಿರಹತ್ತಿರವೇ ಇದ್ದರೆ ಕಂಪ್ರೆಸರ್ ಒತ್ತುತ್ತಿಲ್ಲ. ರೀಡ್ ವಾಲ್ವು ಮುರಿದಿದೆ ಅಥವಾ ಕಂಟ್ರೋಲ್ ವಾಲ್ವು ಸಿಕ್ಕಿಕೊಂಡಿದೆ. ಎರಡೂ ಕಡಿಮೆಯಿದ್ದರೆ ಗ್ಯಾಸು ಸೋರಿದೆ. ಎರಡೂ ವಿಪರೀತ ಏರಿದ್ದರೆ ಕಂಡೆನ್ಸರಿಗೆ ಗಾಳಿ ಸಾಲದು, ಇಲ್ಲವೇ ಗ್ಯಾಸು ಹೆಚ್ಚಾಗಿದೆ, ಇಲ್ಲವೇ ಪೈಪಿನೊಳಗೆ ಗಾಳಿ ಸೇರಿದೆ. ನೀಲಿಯ ಕಡೆ ಸೊನ್ನೆಗಿಂತ ಕೆಳಗೆ ಹೋಗುತ್ತಿದ್ದರೆ ವಾಲ್ವು ಕಟ್ಟಿದೆ. ಒಳಗಿನ ತೇವ ವಾಲ್ವಿನ ಕಿಂಡಿಯಲ್ಲಿ ಮಂಜಾಗಿ ನಿಂತಿರುವುದೂ ಉಂಟು. ಹೆದ್ದಾರಿಯಲ್ಲಿ ತಂಪು, ಸಿಗ್ನಲ್ಲಿನಲ್ಲಿ ಬಿಸಿ ಎನ್ನುವ ದೂರಿಗೆ ಕಂಡೆನ್ಸರಿನ ಫ್ಯಾನು ನೋಡುವುದೇ ಮೊದಲ ಮದ್ದು. ಕಾರು ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ, ನಿಂತಾಗ ಫ್ಯಾನೇ ಗತಿ. ಫ್ಯಾನಿಲ್ಲದೆ ಓಡಿಸಿದರೆ ಕೆಂಪಿನ ಕಡೆಯ ಒತ್ತಡ ಏರೇರಿ ಕಂಪ್ರೆಸರಿಗೂ ಕುತ್ತು ಬರುತ್ತದೆ.

ಸೋರಿಕೆ ಹುಡುಕಲು ಸೋಪಿನ ನೊರೆ ಹಳೆಯ ಉಪಾಯ, ದೊಡ್ಡ ತೂತಿಗೆ ಸಾಕು. ಸಣ್ಣದಕ್ಕೆ ಎಣ್ಣೆಯ ಜೊತೆ ಬಣ್ಣ ಬಿಟ್ಟು ಅಲ್ಟ್ರಾವಯಲೆಟ್ ಟಾರ್ಚಿನಲ್ಲಿ ನೋಡುತ್ತಾರೆ, ಇಲ್ಲವೇ ಒಣ ನೈಟ್ರೋಜನ್ ತುಂಬಿ ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಕಾಯುತ್ತಾರೆ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿ ಕಂಡೆನ್ಸರಿನ ತೆಳ್ಳನೆಯ ಅಲ್ಯೂಮಿನಿಯಂ ಅನ್ನು ತಿಂದು ಸೂಜಿಮೊನೆಯ ತೂತು ಮಾಡುತ್ತದೆ. ಅದನ್ನು ಹುಡುಕದೆ ಪ್ರತಿ ಬೇಸಿಗೆಗೂ ಗ್ಯಾಸು ತುಂಬಿಸುತ್ತ ಹೋದರೆ, ಪ್ರತಿ ಸಲ ಸೋರುವಾಗಲೂ ಎಣ್ಣೆ ಸ್ವಲ್ಪ ಸ್ವಲ್ಪ ಹೊರಗೆ ಹೋಗಿರುತ್ತದೆ. ತುಂಬಿಸುವವರು ಗ್ಯಾಸು ತುಂಬಿಸುತ್ತಾರೆಯೇ ಹೊರತು ಎಣ್ಣೆಯನ್ನಲ್ಲ.

ರಿಪೇರಿ, ಗುಜರಿ, ಹೊಸದು

ಕಂಪ್ರೆಸರಿನ ಹೊಟ್ಟೆ ಸೀಳಿ ರಿಪೇರಿ ಮಾಡುವ ಕೈಗಳು ನಮ್ಮಲ್ಲಿ ಇನ್ನೂ ಇವೆ. ಸೀಲ್ ಕಿಟ್, ರೀಡ್ ವಾಲ್ವಿನ ತಟ್ಟೆ, ಗ್ಯಾಸ್ಕೆಟ್ಟುಗಳು ಬಿಡಿಯಾಗಿ ಸಿಗುತ್ತವೆ. ಶಾಫ್ಟ್ ಸೀಲ್ ಮಾತ್ರ ಹೋಗಿದ್ದು, ಸಿಲಿಂಡರಿನ ಗೋಡೆ ನುಣುಪಾಗಿಯೇ ಇದ್ದರೆ ಇದು ಸರಿಯಾದ ರಿಪೇರಿ. ಗೋಡೆ ಗೀರಿದ್ದರೆ ಆಗದು. ಸಣ್ಣ ಸಿಲಿಂಡರುಗಳನ್ನು ಬೋರ್ ಮಾಡಿ ದೊಡ್ಡ ಪಿಸ್ಟನ್ ಹಾಕುವ ಪದ್ಧತಿ ಇಲ್ಲಿ ನಡೆಯುವುದಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆ ಬಿಡಿಭಾಗಗಳ ಅಂಗಡಿಗಳಿಗೆ, ಶಿವಾಜಿನಗರದ ಗುಜರಿ ಹಳೆಯ ಮಾಲಿಗೆ ಹೆಸರಾದವು. ಗುಜರಿ ಕಂಪ್ರೆಸರ್ ಕೊಳ್ಳುವವರು ಎರಡು ಪೈಪುಗಳ ಬಾಯಿಗೆ ಮುಚ್ಚಳ ಇದೆಯೇ ಎಂದು ನೋಡಬೇಕು. ಪಿಎಜಿ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಬಾಯಿ ತೆರೆದು ತಿಂಗಳುಗಟ್ಟಲೆ ಕೂತ ಕಂಪ್ರೆಸರಿನಲ್ಲಿ ಆ ತೇವದಿಂದಲೇ ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿದಿರುತ್ತದೆ. ಕೈಯಿಂದ ಶಾಫ್ಟ್ ತಿರುಗಿಸಿದಾಗ ಒಂದೇ ಸಮನಾದ ಬಿಗಿ ಇರಬೇಕು, ಒಂದು ಕಡೆ ಸಡಿಲ ಇನ್ನೊಂದು ಕಡೆ ಗಟ್ಟಿ ಆಗಬಾರದು. ಹಣಕ್ಕೆ ಅಡ್ಡಿಯಿಲ್ಲದಿದ್ದರೆ ಹೊಸದೇ ವಾಸಿ. ಆಗಲೂ ಪುಲ್ಲಿಯ ಗೆರೆಗಳ ಸಂಖ್ಯೆ, ಬೋಲ್ಟಿನ ಕಿವಿಗಳು, ಕ್ಲಚ್ಚಿನ ವೋಲ್ಟೇಜು, ಒಳಗಿರುವ ಎಣ್ಣೆಯ ಬಗೆ ಹಳೆಯದಕ್ಕೆ ತಾಳೆಯಾಗಬೇಕು. ಲಾರಿಗಳ ಕ್ಲಚ್ ಸಾಮಾನ್ಯವಾಗಿ 24 ವೋಲ್ಟಿನದು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿರುವುದರಿಂದ ಇಂಥವುಗಳ ಕೆಲಸವೂ ಹೆಚ್ಚಲಿದೆ.

ಬದಲಿಸುವ ಕೆಲಸ

ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಲ್ಲಿ ಹಿಡಿದಿಟ್ಟುಕೊಳ್ಳುವುದು ಸರಿಯಾದ ಆರಂಭ. ನಮ್ಮ ಬೀದಿಬದಿಯ ಗ್ಯಾರೇಜುಗಳಲ್ಲಿ ಅದನ್ನು ‘ಪುಸ್’ ಎಂದು ಬಿಟ್ಟುಬಿಡುವುದೇ ಹೆಚ್ಚು. ಇದು ಗಾಳಿಗೂ ಕೆಟ್ಟದ್ದು, ಎದುರಿಗೆ ನಿಂತವರ ಕಣ್ಣಿಗೂ ಕೆಟ್ಟದ್ದು. ಚಿಮ್ಮುವ ದ್ರವ ಚರ್ಮವನ್ನು ಹೆಪ್ಪುಗಟ್ಟಿಸಬಲ್ಲದು. ಗ್ಯಾಸು ಖಾಲಿಯಾದ ಮೇಲೆ ಬೆಲ್ಟು, ವೈರು, ಎರಡು ಪೈಪು, ಮೂರೋ ನಾಲ್ಕೋ ಬೋಲ್ಟು ಬಿಚ್ಚಿದರೆ ಕಂಪ್ರೆಸರ್ ಕೈಗೆ ಬರುತ್ತದೆ. ಬಿಚ್ಚಿದ ಪೈಪಿನ ಬಾಯಿಗಳನ್ನು ಕೂಡಲೇ ಮುಚ್ಚಬೇಕು.

ಇಲ್ಲಿಂದ ಮುಂದೆ ಒಳ್ಳೆಯ ಕೆಲಸ ಮತ್ತು ಅರೆಬರೆ ಕೆಲಸ ಬೇರೆಯಾಗುತ್ತವೆ, ಅದೂ ಎಣ್ಣೆಯ ಲೆಕ್ಕದಲ್ಲಿ. ಹೊಸ ಕಂಪ್ರೆಸರ್ ಅನೇಕ ಸಲ ಇಡೀ ವ್ಯವಸ್ಥೆಗೆ ಬೇಕಾದಷ್ಟು ಎಣ್ಣೆ ತುಂಬಿಕೊಂಡೇ ಬಂದಿರುತ್ತದೆ, 120 ಮಿಲಿಲೀಟರ್ ಎಂದುಕೊಳ್ಳಿ. ಹಳೆಯದನ್ನು ಬೋರಲು ಹಾಕಿದಾಗ ಬಂದದ್ದು 40 ಮಿಲಿಲೀಟರ್. ಸೋರಿಕೆಯಲ್ಲಿ ಹೋಗಿಲ್ಲದಿದ್ದರೆ ಮಿಕ್ಕ 80 ಕಂಡೆನ್ಸರು, ಕಾಯಿಲು, ಪೈಪುಗಳ ಗೋಡೆಗೆ ಅಂಟಿಕೊಂಡೇ ಇದೆ. ಹೊಸದನ್ನು ಹಾಗೇ ಕೂರಿಸಿದರೆ ಎಣ್ಣೆ 200 ಆಗುತ್ತದೆ. ಹೆಚ್ಚಾದ ಎಣ್ಣೆ ಕಾಯಿಲಿನೊಳಗೆ ಪದರವಾಗಿ ಕೂತು ಕೂಲಿಂಗ್ ಕೆಡಿಸುತ್ತದೆ, ಸಿಲಿಂಡರಿಗೆ ನುಗ್ಗಿ ವಾಲ್ವು ಮುರಿಯಲೂಬಹುದು. ಹಾಗಾಗಿ ಹೊಸದರ ಎಣ್ಣೆಯನ್ನು ಅಳತೆಯ ಪಾತ್ರೆಗೆ ಬಗ್ಗಿಸಿ, ಹಳೆಯದರಿಂದ ಬಂದಷ್ಟನ್ನೇ, ಬದಲಿಸಿದ ಇತರ ಭಾಗಗಳ ಪಾಲು ಸೇರಿಸಿ, ಮರಳಿ ಹಾಕುತ್ತಾರೆ. ಪೈಪುಗಳನ್ನೆಲ್ಲ ತೊಳೆದಿದ್ದರೆ ಪೂರ್ತಿ ಅಳತೆ ಇರಲಿ.

ಡ್ರೈಯರ್ ಬದಲಿಸಲೇಬೇಕು; ಅದರೊಳಗಿನ ತೇವ ಹೀರುವ ಹರಳುಗಳು ಗಾಳಿ ಸೋಕಿದರೆ ಬೇಗ ತುಂಬಿಹೋಗುತ್ತವೆ. ಓ-ರಿಂಗುಗಳೂ ಹೊಸವಿರಬೇಕು, ಎಣ್ಣೆ ಸವರಿ ಕೂರಿಸಬೇಕು. ಲೋಹದ ಪುಡಿ ಹರಡಿದ್ದರೆ ಎಕ್ಸ್‌ಪ್ಯಾನ್ಷನ್ ವಾಲ್ವೂ ಹೋಗಬೇಕು, ಕಂಡೆನ್ಸರೂ ಹೋಗಬೇಕು. ಹಳೆಯ ಕಾಲದ ಕಂಡೆನ್ಸರ್ ಒಂದೇ ಉದ್ದನೆಯ ಹಾವಿನಂತಿರುವ ಪೈಪು, ಒಂದು ತುದಿಯಿಂದ ತೊಳೆದರೆ ಇನ್ನೊಂದರಿಂದ ಕೊಳೆ ಬರುತ್ತಿತ್ತು. ಈಗಿನದರಲ್ಲಿ ತೀರ ಸಣ್ಣ ಕಾಲುವೆಗಳು ನೂರಾರು ಅಕ್ಕಪಕ್ಕ ಇರುತ್ತವೆ. ತೊಳೆಯುವ ದ್ರವ ತೆರೆದ ಕಾಲುವೆಗಳಲ್ಲಿ ಹರಿದುಹೋಗುತ್ತದೆ, ಕಟ್ಟಿದವು ಕಟ್ಟಿದಂತೆಯೇ ಉಳಿಯುತ್ತವೆ. ‘ಫ್ಲಶ್ ಮಾಡಿ ಹಾಕಿದ್ದೀವಿ ಸರ್’ ಎಂಬ ಭರವಸೆಯಲ್ಲಿ ಹೊಸ ಕಂಪ್ರೆಸರುಗಳು ಮತ್ತೆ ಸಾಯುವುದು ಈ ಕಾಲುವೆಗಳಲ್ಲಿ ಉಳಿದ ಪುಡಿಯಿಂದ.

ಆಮೇಲೆ ವ್ಯಾಕ್ಯೂಮ್. ಪಂಪಿನಿಂದ ಅರ್ಧ ಗಂಟೆಗೂ ಹೆಚ್ಚು ಹೊತ್ತು ಎಳೆಯುವುದು ಗಾಳಿಯನ್ನು ತೆಗೆಯಲಿಕ್ಕಷ್ಟೇ ಅಲ್ಲ. ಒಳಗಿನ ಒತ್ತಡ ವಾತಾವರಣದ ಇಪ್ಪತ್ತೈದನೇ ಒಂದು ಭಾಗಕ್ಕಿಂತ ಕೆಳಗಿಳಿದರೆ ನೀರು 30 ಡಿಗ್ರಿಯಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ಹೀಗೆ ಪೈಪಿನೊಳಗಿನ ತೇವವನ್ನು ಒಣಗಿಸುವುದು ಉದ್ದೇಶ. ಗೇಜಿನ ಬಗ್ಗೆ ಒಂದು ಮಾತು. ಕೈಪಿಡಿಗಳು ವ್ಯಾಕ್ಯೂಮ್ 29 ಇಂಚು ದಾಟಬೇಕು ಎನ್ನುತ್ತವೆ. ಅದು ಕಡಲ ಮಟ್ಟದ ಲೆಕ್ಕ. ಮಂಗಳೂರಿನಲ್ಲಿ ಆ ಅಂಕಿ ಬರುತ್ತದೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾತಾವರಣದ ಒತ್ತಡವೇ 27 ಇಂಚಿನಷ್ಟು; ಮುಳ್ಳು ಅಲ್ಲಿಗೆ ನಿಂತರೆ ಪಂಪು ಕೆಟ್ಟಿದೆ ಎಂದುಕೊಳ್ಳಬೇಕಾಗಿಲ್ಲ. ಪಂಪು ನಿಲ್ಲಿಸಿದ ಮೇಲೆ ಮುಳ್ಳು ಅಲುಗದೆ ನಿಲ್ಲುತ್ತದೆಯೇ ಎಂಬುದು ಮುಖ್ಯ.

ಗ್ಯಾಸನ್ನು ತೂಗಿ ತುಂಬಬೇಕು. ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಗ್ರಾಂ ಲೆಕ್ಕ ಬರೆದಿರುತ್ತದೆ. 400 ಗ್ರಾಂ ಹಿಡಿಯುವ ಸಣ್ಣ ಕಾರಿಗೆ 50 ಗ್ರಾಂ ಹೆಚ್ಚುಕಡಿಮೆಯಾದರೂ ವ್ಯತ್ಯಾಸ ಗೊತ್ತಾಗುತ್ತದೆ. ಪೈಪು ಮುಟ್ಟಿ ‘ತಣ್ಣಗಾಯ್ತು, ಸಾಕು’ ಎನ್ನುವುದು ಅಂದಾಜು. ಎಂಜಿನ್ ಓಡುವಾಗ ನೀಲಿಯ ಕಡೆಯಿಂದ ತುಂಬುವುದಾದರೆ ಗ್ಯಾಸಿನ ಸಿಲಿಂಡರ್ ನೆಟ್ಟಗಿರಬೇಕು. ಬೇಗ ಮುಗಿಯಲಿ ಎಂದು ಬೋರಲು ಹಿಡಿದರೆ ದ್ರವವೇ ಹೋಗಿ ಹೊಸ ವಾಲ್ವನ್ನು ಮುರಿದೀತು. ಚಾಲೂ ಮಾಡುವ ಮೊದಲು ಕಂಪ್ರೆಸರಿನ ಶಾಫ್ಟನ್ನು ಕೈಯಿಂದ ಹತ್ತು ಸುತ್ತು ತಿರುಗಿಸುವುದೂ ಸಿಲಿಂಡರಿನಲ್ಲಿ ನಿಂತ ಎಣ್ಣೆಯನ್ನು ಕಳಿಸಲಿಕ್ಕೇ.

ಅಗ್ಗದ ಗ್ಯಾಸು

ಬೆಲೆ ಕಡಿಮೆಯೆಂದು ಕಲಬೆರಕೆ ಗ್ಯಾಸು ಕೊಳ್ಳುವುದು ಕಂಪ್ರೆಸರಿಗಷ್ಟೇ ಅಪಾಯವಲ್ಲ. ಆರ್-134ಎ ಹೆಸರಿನ ನಕಲಿ ಸಿಲಿಂಡರುಗಳಲ್ಲಿ ಮೀಥೈಲ್ ಕ್ಲೋರೈಡ್ ಸಿಕ್ಕಿದ್ದುಂಟು. ಅದು ಅಲ್ಯೂಮಿನಿಯಂ ಜೊತೆ ಸೇರಿ ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. 2011ರಲ್ಲಿ ಹಡಗುಗಳ ಶೀತಲ ಕಂಟೇನರುಗಳು ಹೀಗೆ ಸಿಡಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಕಾರಿನ ಕಂಪ್ರೆಸರೂ ಕಂಡೆನ್ಸರೂ ಅದೇ ಲೋಹದವು. ಅಡುಗೆ ಅನಿಲದಂಥವನ್ನು ತುಂಬಿಸಿದರೆ ತಂಪೇನೋ ಬರುತ್ತದೆ, ಆದರೆ ಕೂಲಿಂಗ್ ಕಾಯಿಲು ಇರುವುದು ಪ್ರಯಾಣಿಕರು ಉಸಿರಾಡುವ ಗಾಳಿಯ ದಾರಿಯಲ್ಲಿ.

ವಿದ್ಯುತ್ ಕಾರುಗಳಲ್ಲಿ

ವಿದ್ಯುತ್ ಕಾರುಗಳ ಮತ್ತು ಅನೇಕ ಹೈಬ್ರಿಡ್ ಕಾರುಗಳ ಕಂಪ್ರೆಸರಿಗೆ ಬೆಲ್ಟೂ ಇಲ್ಲ, ಕ್ಲಚ್ಚೂ ಇಲ್ಲ. 2003ರಲ್ಲಿ ಬಂದ ಎರಡನೇ ತಲೆಮಾರಿನ ಟೊಯೊಟಾ ಪ್ರಿಯಸ್‌ನಿಂದ ಈಚೆಗೆ ಮೋಟಾರು ಮತ್ತು ಸ್ಕ್ರಾಲ್ ಕಂಪ್ರೆಸರ್ ಒಂದೇ ಡಬ್ಬಿಯೊಳಗೆ ಸೇರಿ, ನೂರಾರು ವೋಲ್ಟಿನ ಬ್ಯಾಟರಿಯಿಂದ ಓಡುತ್ತಿವೆ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನಲ್ಲಿಯೂ ಇಂಥದೇ ಇದೆ. ಶಾಫ್ಟ್ ಹೊರಗೆ ಬರುವುದಿಲ್ಲವಾದ್ದರಿಂದ ಶಾಫ್ಟ್ ಸೀಲ್ ಸೋರುವ ರೋಗ ಇವಕ್ಕಿಲ್ಲ. ಆದರೆ ಅನೇಕ ವಿದ್ಯುತ್ ಕಾರುಗಳಲ್ಲಿ ಬ್ಯಾಟರಿಯನ್ನು ತಂಪಾಗಿಡುವುದೂ ಇದೇ ಕಂಪ್ರೆಸರ್. ಅದು ಕೆಟ್ಟರೆ ಬೆವರುವುದರ ಜೊತೆಗೆ ವೇಗದ ಚಾರ್ಜಿಂಗೂ ನಿಧಾನವಾಗುತ್ತದೆ. ಕಿತ್ತಳೆ ಬಣ್ಣದ ಕೇಬಲ್ಲುಗಳಿಗೆ ಕೈ ಹಾಕುವ ಮೊದಲು ಹೈವೋಲ್ಟೇಜ್ ಕಡಿದು, ಒಳಗೆ ಉಳಿದ ವಿದ್ಯುತ್ ಇಳಿಯುವವರೆಗೆ ಕಾಯಬೇಕು.

ಇಲ್ಲಿ ಮೋಟಾರಿನ ತಂತಿಗಳು ಎಣ್ಣೆ, ಗ್ಯಾಸುಗಳಲ್ಲೇ ಮುಳುಗಿರುತ್ತವೆ. ಹಾಗಾಗಿ ವಿದ್ಯುತ್ ಹರಿಯಗೊಡದ ಪಿಒಇ ಎಂಬ ಎಣ್ಣೆ ಬೇಕು. ಸಾಮಾನ್ಯ ಕಾರುಗಳ ಪಿಎಜಿ ಎಣ್ಣೆ ಸ್ವಲ್ಪವೇ ಬೆರೆತರೂ ನಿರೋಧಕ ಶಕ್ತಿ ಕುಸಿದು, ಹೈವೋಲ್ಟೇಜ್ ಬಾಡಿಗೆ ಸೋರುತ್ತಿದೆ ಎಂದು ಕಂಪ್ಯೂಟರ್ ಕಾರನ್ನು ಚಾಲೂ ಆಗಲು ಬಿಡದಿರಬಹುದು. ಆ ಎಣ್ಣೆ ಬರುವ ದಾರಿ ಸಾಮಾನ್ಯವಾಗಿ ಗೇಜಿನ ಪೈಪು: ಹಿಂದಿನ ದಿನ ಯಾವುದೋ ಪೆಟ್ರೋಲ್ ಕಾರಿಗೆ ಗ್ಯಾಸು ತುಂಬಿಸಿದಾಗ ಒಳಗೆ ಉಳಿದ ನಾಲ್ಕು ಹನಿ. ಹಾಗಾಗಿ ವಿದ್ಯುತ್ ಕಾರುಗಳ ಎಸಿಗೆ ಕೈ ಹಚ್ಚುವ ಗ್ಯಾರೇಜುಗಳು ಗೇಜನ್ನೂ ಅದರ ಪೈಪುಗಳನ್ನೂ ಅವಕ್ಕೆಂದೇ ಬೇರೆ ಇಟ್ಟುಕೊಳ್ಳುತ್ತವೆ.